ಶೇವಂತಾ ಆರಿಸಿದ ನೀಲ

ಗುಂಜೋಟಿಯ ಶೇವಂತಾಬಾಯಿ ನನ್ನ ಅಕ್ಕನ ಮಗಳು. ಆಕೆಯ ಬೆರಳಿನಲ್ಲಿರುವ ನೀಲದ ಉಂಗುರ ಕಂಡಾಗಲೆಲ್ಲ ನನಗೆ ಈಗಲೂ ಮೈ ಉರಿಯುತ್ತದೆ.

ರಜಾಕಾರರ ಗದ್ದಲದಲ್ಲಿ ನಿಲಂಗಾದ ಮನ್ಮಥಪ್ಪ ಶೇವಂತಾಳ ಅಪ್ಪ, ನಮ್ಮ ಭಾವ ಕಲ್ಯಾಣಪ್ಪನ ಸಂಸಾರವನ್ನು ತನ್ನ ಜೋಳದ ಕಣಿಕೆಯ ಬಣವೆಯೊಳಗೆ ಬಚ್ಚಿಟ್ಟು ಉಳಿಸಿದ್ದ. ಪೊಲೀಸ್ ಕಾರ್ಯಾಚರಣೆ ಮುಗಿದು ಊರು ತಣ್ಣಗಾದ ಮೇಲೆ ತನ್ನ ಮಗ ಜಗದೇವಪ್ಪನಿಗೆ ಶೇವಂತಾಳನ್ನು ಕೇಳಿದ. ಜಗದೇವಪ್ಪ ಮೊದಲ ಹೆಂಡತಿಯನ್ನು ಹೊಡೆದು ತವರಿಗೆ ಅಟ್ಟಿದವನು. ಆದರೂ ಜೀವ ಉಳಿಸಿದವರಿಗೆ ಇಲ್ಲವೆನ್ನಲು ಭಾವನಿಗೆ ಬಾಯಿ ಬರಲಿಲ್ಲ. ನಾನು ಕೂಗಾಡಿದೆ.

“ಜೀವಾ ಉಳಿಸ್ಯಾರ, ನೀ ಸುಮ್ಕ ಕೂಡು,” ಎಂದ ಭಾವ.

ನಿಶ್ಚಯದ ಉಂಗುರ ಕೊಳ್ಳಲು ಉದಗೀರಕ್ಕೆ ಹೊರಟಾಗ ಶೇವಂತಾ ಗಾಡಿಯಲ್ಲಿ ನನ್ನ ಕಿವಿಯಲ್ಲಿ ಹೇಳಿದಳು:

“ಮಾಮಾ, ನಾವು ಬ್ಯಾಡ ಅನ್ನಂಗಿಲ್ಲ. ಅವರೇ ಅಂದ್ರ? ನಾ ನೀಲಾ ಕೇಳ್ತೀನಿ. ಶನಿ ಕಲ್ಲು. ಅಂಜಿ ಸಂಬಂಧಾನೇ ಬಿಡ್ತಾರ.”

ಒಡವೆ ಅಂಗಡಿಯ ಸರಾಫ ನಮ್ಮ ಮತ್ತು ಮನ್ಮಥಪ್ಪನ ಮುಂದೆ ಬಟ್ಟೆಯ ಮೇಲೆ ಕಲ್ಲು ಹರಡಿದ.

“ನಮ್ಮ ಮನ್ಯಾಗ ಬೀಸೋದು ಕುಟ್ಟೋದು ಭಾಳದ. ಸವೆಯದ ಕಲ್ಲು ತೋರಸ್ರಿ,” ಎಂದ ಮನ್ಮಥಪ್ಪ.

“ಫಿರೋಜಾ ಎಣ್ಣಿ ಹತ್ತಿದ್ರ ಮಾಸ್ತದ. ಪಚ್ಚಿ ಪೆಟ್ಟು ತಾಳಂಗಿಲ್ಲ. ಮಾಣಿಕ ಒಯ್ರಿ, ಗೀರ ಬೀಳಂಗಿಲ್ಲ,” ಎಂದ ಸರಾಫ.

“ನನಗ ನೀಲಾ ಬೇಕು,” ಎಂದಳು ಶೇವಂತಾ, ತಲೆ ಎತ್ತದೆ.

ಸರಾಫನ ಕೈ ನಿಂತಿತು. “ಗಟ್ಟಿ ಏನೋ ಮಾಣಿಕದಷ್ಟೇ ಅದ, ಬಾಯಿ. ಆದ್ರ ಅದು ಶನಿದು. ಮಂದಿ ಮೊದಲ ದಿಂಬಿನ ಬುಡಕ ಇಟ್ಟು ನೋಡ್ತಾರ. ನಿಶ್ಚಯಕ್ಕ ಯಾರೂ ಒಯ್ಯಂಗಿಲ್ಲ.”

ಮನ್ಮಥಪ್ಪನ ಮುಖ ಗಂಟಾಯಿತು. ಸಂಬಂಧ ಮುರಿಯಿತು ಎಂದುಕೊಂಡೆ. ಅಷ್ಟರಲ್ಲಿ ಅವನು ಎದೆಯ ಮೇಲಿನ ಲಿಂಗದ ಕರಡಿಗೆ ಮುಟ್ಟಿಕೊಂಡು ಗಹಗಹಿಸಿ ನಕ್ಕ.

“ಕೊರಳಾಗ ಲಿಂಗ ಇದ್ದವರಿಗಿ ಶನಿ ಏನ್ ಕಿತ್ಕೊಂತಾನ್ರೀ! ಬ್ಯಾರೇ ಹುಡುಗೇರು ಬಣ್ಣಾ ನೋಡ್ತಾರ, ನಮ್ಮ ಸೊಸಿ ಲಿಂಗದ ಮ್ಯಾಲ ಭರೋಸಾ ಇಟ್ಟಾಳ. ಉಂಗರದಾಗ ಕೂಡಸ್ರಿ ನೀಲಾ!”

ಭಾವನ ಮುಖ ಅರಳಿತು. ಶೇವಂತಾಳ ಮುಖದಲ್ಲಿ ರಕ್ತವಿರಲಿಲ್ಲ.

“ಕಲ್ಲೂ ಬ್ಯಾಡ, ನಿಮ್ಮ ಸಂಬಂಧಾನೂ ಬ್ಯಾಡ!” ಎಂದು ನಾನು ಎದ್ದೆ. ಭಾವ ನನ್ನ ಧೋತರ ಜಗ್ಗಿ ಕೂಡಿಸಿದ. ಸರಾಫ ಆಗಲೇ ಆಕೆಯ ಬೆರಳಿಗೆ ದಾರ ಸುತ್ತಿ ಅಳತೆ ಹಿಡಿಯುತ್ತಿದ್ದ.

ಮೊನ್ನೆ ನಿಲಂಗಾಕ್ಕೆ, ಆಕೆಯ ಗಂಡನ ಮನೆಗೆ ಹೋಗಿದ್ದೆ. ಶೇವಂತಾ ಜೋಳದ ಹಿಟ್ಟು ನಾದುತ್ತಿದ್ದಳು. ಗಲ್ಲದ ಮೇಲೆ ಹೊಸ ಬಾವು. ಬೆರಳು ಉಬ್ಬಿ ಉಂಗುರ ಮಾಂಸದೊಳಗೆ ಹೂತಿತ್ತು.

“ಕತ್ತರಿಸಿಯಾದ್ರೂ ತೆಗಸವ್ವಾ ಅದನ್ನ!” ಎಂದು ರೇಗಿದೆ.

“ಬಂಗಾರ ಕತ್ತರಿಸಿದ್ರ ಹೊಸಾ ಬಂಗಾರದಾಗ ಈ ಕಲ್ಲನ್ನೇ ಕೂಡಸ್ತಾರ್ರಿ, ಮಾಮಾ,” ಎಂದು ಹಿಟ್ಟಿನ ಕೈ ಬೆಳಕಿಗೆ ಹಿಡಿದು ಹೊರಳಿಸಿದಳು. “ಒರಳಿಗಿ ಬಡದು ನೋಡೀನಿ. ಒಡಿಯಂಗಿಲ್ಲ.”