ಹಲ್ಲಿನ ಮಾವ ಗೋಡೆಗೆ ತೂತು ಕೊರೆದದ್ದು

"ಅಮ್ಮಾ, ತಾತ ಮೆಷಿನ್ ಹಾಕಿದಾಗೆಲ್ಲ ನಮ್ಮ ಕಮೋಡ್ ಯಾಕೆ ಗುಳುಗುಳು ಅಂತ ಮಾತಾಡುತ್ತೆ?"

ಪುಟ್ಟಿ ಇದನ್ನು ಕೇಳಿದ್ದು ಬಚ್ಚಲಮನೆಯ ಬಾಗಿಲಲ್ಲಿ ನಿಂತು, ಹಾಕಿಕೊಳ್ಳಬೇಕಾದ ಚಡ್ಡಿಯನ್ನು ಕೈಯಲ್ಲಿ ತಿರುಗಿಸುತ್ತ. ಅವಳ ಅಮ್ಮ, ಅಂದರೆ ಆ ಮನೆಯ ಸೊಸೆ, ಮೊದಲು ಚಡ್ಡಿ, ಆಮೇಲೆ ಪ್ರಶ್ನೆ ಎಂದು ಮಗುವಿನ ಕಾಲು ಹಿಡಿದು ತೂರಿಸಿದಳು. ಆದರೆ ಗುಳುಗುಳು ಅವಳ ಕಿವಿಗೂ ಬಿದ್ದಿತ್ತು. ಅದರ ಬೆನ್ನಿಗೇ ಬಂದ ವಾಸನೆಯಂತೂ ಇಡೀ ಮನೆಯ ಮೂಗಿಗೆ ಬಿದ್ದಿತ್ತು.

ಪುಟ್ಟಿಯ ತಾತ ಆಯುಷ್ಯವೆಲ್ಲ ಒಬ್ಬ ದಂತವೈದ್ಯರ ಹಿಂಬದಿ ಕೋಣೆಯಲ್ಲಿ ಕೂತು ಹಲ್ಲಿನ ಸೆಟ್ಟು ಮಾಡಿದವರು. ಬೀದಿಯವರಿಗೆಲ್ಲ ಅವರು ಹಲ್ಲಿನ ಮಾವ. ಆ ಬೀದಿಯ ಮುದುಕರು ಯಾರಾದರೂ ಬಾಯಿತುಂಬ ನಕ್ಕರೆ ಮಾವ ಮುಖ ನೋಡುತ್ತಿರಲಿಲ್ಲ. ಮೇಲಿನ ಸೆಟ್ಟು ಸರಿಯಾಗಿ ಕೂತಿದೆಯೋ ಇಲ್ಲವೋ ಎಂದು ಇಣುಕುತ್ತಿದ್ದರು. ಸ್ವಂತ ಹೆಂಡತಿಯ ಬಾಯಲ್ಲಿದ್ದದ್ದೂ ಅವರದೇ ಕೆಲಸ. ಅದೇ ಹಲ್ಲಿನಿಂದ ಅತ್ತೆ ಅವರನ್ನು ದಿನಾ ಬೈಯುತ್ತಿದ್ದರು.

ಕೆಲಸ ಬಿಟ್ಟ ಮೇಲೆ ಮಾವನ ಕೈ ಸುಮ್ಮನಿರಲಿಲ್ಲ. ಮನೆಗೆ ಅಂಟಿಕೊಂಡ ಕಾರಿನ ಶೆಡ್ಡಿನಲ್ಲಿ ಕಾರು ಎಂದೂ ಇರಲಿಲ್ಲವಾದ್ದರಿಂದ ಅಲ್ಲಿ ಕಡೆಯುವ ಯಂತ್ರ, ಉಜ್ಜುವ ಯಂತ್ರ, ಮರದ ತುಂಡುಗಳು ಬಂದು ಕೂತವು. ಮೊಮ್ಮಗಳಿಗೆ ಆಟಿಕೆ ಮಾಡುತ್ತೇನೆಂದು ಶುರು ಹಚ್ಚಿದರು. ಮಾಡಿದರು ಕೂಡ. ಆದರೆ ಕೈ ಕಲಿತದ್ದು ಎಲ್ಲಿ ಹೋಗುತ್ತದೆ? ಮರದ ಆನೆಗೆ ಮನುಷ್ಯರ ಹಲ್ಲು, ಬಾತುಕೋಳಿಗೆ ದವಡೆ ಹಲ್ಲು, ಆಮೆಗೆ ಬ್ಯಾಂಕಿನ ಮ್ಯಾನೇಜರನ ಮುಗುಳ್ನಗೆ. ಪುಟ್ಟಿ ಅವನ್ನೆಲ್ಲ ಸಾಲಾಗಿ ಕೂರಿಸಿ ಬ್ರಷ್ ಮಾಡುತ್ತಿದ್ದಳು.

ತೊಂದರೆ ಇದ್ದದ್ದು ಧೂಳಿನದು. ಯಂತ್ರದ ಬಾಯಿಂದ ಧೂಳೆಳೆದು ಬಟ್ಟೆಯ ಚೀಲಕ್ಕೆ ತುಂಬುವ ಒಂದು ಫ್ಯಾನು ಅವರಲ್ಲಿತ್ತು. ಚೀಲದಲ್ಲಿ ಉಳಿಯುತ್ತಿದ್ದದ್ದು ದಪ್ಪ ಹೊಟ್ಟು ಮಾತ್ರ. ನುಣ್ಣನೆಯದು ಬಟ್ಟೆಯ ಕಣ್ಣುಗಳಿಂದ ಸೋಸಿ ಬಂದು, ಒಳಬಾಗಿಲು ದಾಟಿ, ಟೀವಿಯ ಮೇಲೆ, ಹಾಸಿಗೆಯ ಮೇಲೆ, ಹಾಲಿನ ಕೆನೆಯ ಮೇಲೆ ಕೂರುತ್ತಿತ್ತು. ಪುಟ್ಟಿಗೆ ಕೆಮ್ಮು ಹತ್ತಿತು. ಉಸಿರಾಡಿದರೆ ಎದೆಯಲ್ಲಿ ಸಣ್ಣ ಸೀಟಿ. ಧೂಳಿನಿಂದ ದೂರ ಇಡಿ ಎಂದು ಡಾಕ್ಟರು ಹೇಳಿದ ಸಂಜೆಯೇ ಅತ್ತೆ ತೀರ್ಪು ಕೊಟ್ಟರು: ಧೂಳು ಮನೆಯೊಳಗೆ ಬರುವುದು ನಿಲ್ಲಬೇಕು, ಇಲ್ಲವೇ ಮೆಷಿನುಗಳೆಲ್ಲ ಗುಜರಿಗೆ. ಮಾವ ಸಹಾಯಕ್ಕೆಂದು ಸೊಸೆಯ ಕಡೆ ನೋಡಿದರು. ಅವಳು ಮಗುವಿನ ಬೆನ್ನು ನೀವುತ್ತಿದ್ದಳು, ತಲೆ ಎತ್ತಲಿಲ್ಲ. ಮಾವನ ಕೈಯಿಂದ ಆ ಶೆಡ್ಡು ಕಿತ್ತುಕೊಂಡರೆ ಅವರು ದಿನವಿಡೀ ಕಿಟಕಿಯ ಹತ್ತಿರ ಕೂತು ಹೋಗಿಬರುವವರ ಬಾಯಿ ಎಣಿಸುವ ಮುದುಕರಾಗುತ್ತಾರೆ ಎಂದು ಅವಳಿಗೆ ಗೊತ್ತಿತ್ತು. ಆದರೆ ಆ ಸೀಟಿಯನ್ನು ಅವಳು ರಾತ್ರಿಯೆಲ್ಲ ಕೇಳಿದ್ದಳು.

ಮಾವ ಚೀಲ ಕಿತ್ತೆಸೆದರು. ಹೊಟ್ಟು ಬೀಳಲು ಮಧ್ಯದಲ್ಲಿ ಒಂದು ಡ್ರಮ್ಮು ಇಟ್ಟರು. ಹಿಂದಿನ ಗೋಡೆಗೆ ತೂತು ಕೊರೆದು, ಪಕ್ಕದ ಖಾಲಿ ನಿವೇಶನದ ಕಡೆಗೆ ದಪ್ಪ ಪೈಪು ಹೊರಟಿತು. ನುಣ್ಣನೆಯ ಧೂಳು ಇನ್ನು ಕಳೆಗಿಡಗಳ ಪಾಲು. ಅಲ್ಲಿಗೆ ನಿಲ್ಲಿಸಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಮಾವ ಕಿಟಕಿಯ ಅಂಚಿಗೆ ಫೋಮು ಬಡಿದರು, ಒಳಬಾಗಿಲ ಸುತ್ತ ರಬ್ಬರು ಅಂಟಿಸಿದರು, ಬೀಗದ ತೂತಿಗೆ ಹಲ್ಲಿನ ಅಚ್ಚು ತೆಗೆಯುವ ಗುಲಾಬಿ ಮೇಣವನ್ನೇ ಮೆತ್ತಿದರು.

ಅತ್ತೆ ನೋಡಿ, ಒಂದು ಕಿಟಕಿಯಾದರೂ ತೆಗೆದಿಟ್ಟುಕೊಂಡು ಕೆಲಸ ಮಾಡಬಾರದೇ ಎಂದರು. ಮಾವ ಮೂಗು ಮುರಿದರು.

"ಸಂದಿ ಅಂದ್ರೇನು ಅಂತ ನಿಂಗೇನೇ ಗೊತ್ತು? ಕೂದಲೆಳೆಯಷ್ಟು ಸಂದಿ ಬಿಟ್ಟು ಗಾಳಿ ನುಗ್ಗಿದ್ರೆ ನಿನ್ನ ಹಲ್ಲು ಇವತ್ತು ತಟ್ಟೆಲಿ ಇರ್ತಿತ್ತು."

ಸ್ವಿಚ್ಚು ಹಾಕಿದ್ದೇ ತಡ, ಕಮೋಡು ಮಾತಾಡತೊಡಗಿತು. ಪ್ಲಂಬರ್ ಬಂದ, ನೀರು ಸುರಿದ, ಎಲ್ಲ ಸರಿಯಾಗಿದೆ ಎಂದು ಹೋದ. ಅವನಿದ್ದಷ್ಟು ಹೊತ್ತೂ ಮೆಷಿನು ಆಫ್ ಆಗಿತ್ತು. ಮೆಷಿನಾದರೂ ಕೆಲಸ ಮಾಡುತ್ತಿತ್ತೇ ಎಂದರೆ ಅದೂ ಇಲ್ಲ. ಪೈಪಿನ ಹೊರಬಾಯಿಗೆ ಸೊಸೆ ಕೈ ಒಡ್ಡಿದರೆ ಬೆಕ್ಕು ಉಸಿರುಬಿಟ್ಟಷ್ಟು ಗಾಳಿ. ಧೂಳೆಲ್ಲ ಶೆಡ್ಡಿನಲ್ಲೇ ಸುತ್ತಿ, ಮಾವನ ತಲೆ, ಹುಬ್ಬು, ಬನಿಯನ್ನುಗಳ ಮೇಲೆ ಸವಾರಿ ಮಾಡಿ ಮನೆಯೊಳಗೇ ಬರುತ್ತಿತ್ತು. ಮೋಟಾರು ಸಾಲದು, ಇನ್ನೂ ದೊಡ್ಡದು ಬೇಕು ಎಂದು ಮಾವ ಪಟ್ಟು ಹಿಡಿದರು.

ಮರುದಿನ ಬೆಳಿಗ್ಗೆ ಅತ್ತೆ ಬಚ್ಚಲಮನೆಯಲ್ಲಿ, ನೆಮ್ಮದಿಯಾಗಿ ಕೂರಬೇಕಾದ ಜಾಗದಲ್ಲಿ ಕೂತಿದ್ದರು. ಮಾವ ಸ್ವಿಚ್ಚು ಹಾಕಿದರು. ಕೆಳಗಿನಿಂದ ಯಾರೋ ಗುಟುಕರಿಸಿ ನೀರು ಕುಡಿದಂತಾಯಿತು. ಅತ್ತೆ ಹೊರಬಂದ ರಭಸಕ್ಕೆ ಬಾಗಿಲ ಚಿಲಕ ಕಿತ್ತುಬಂತು. ಸೀರೆ ಸರಿಮಾಡಿಕೊಳ್ಳುವ ಮೊದಲೇ ಗುಜರಿಯವನಿಗೆ ಫೋನು ಮಾಡಿ ಸಂಜೆಗೆ ಬಾ ಎಂದರು. ಮುಂದೆ ಇನ್ನೂ ಬೈಯುವುದಿತ್ತು. ಆದರೆ ಸಿಟ್ಟಿಗೆ ದವಡೆ ನೋಯತೊಡಗಿತ್ತು. ಅಂಗಳದಲ್ಲೇ ನಿಂತು ಬಾಯಿಗೆ ಬೆರಳು ಹಾಕಿ, ಮೇಲಿನ ಸೆಟ್ಟಿನ ಅಂಚನ್ನು ಒಂದಿಷ್ಟು ಎತ್ತಿದರು. ಟಪ್ಪನೆ ಗಾಳಿ ನುಗ್ಗಿ ಹಲ್ಲು ಕೈಗೆ ಬಂತು.

ಗಲಾಟೆ ಕೇಳಿ ಶೆಡ್ಡಿನಿಂದ ಹೊರಬಂದಿದ್ದ ಮಾವ ಕಣ್ಣು ಮಿಟುಕಿಸದೆ ನೋಡುತ್ತಿದ್ದರು. ಬೈಗುಳಕ್ಕೆ ಬೆಚ್ಚಿದ್ದಾರೆ ಎಂದುಕೊಂಡಳು ಸೊಸೆ. ಅವರು ಮೆಲ್ಲನೆ ಶೆಡ್ಡಿನ ಕಡೆ ತಿರುಗಿ, "ಇಡೀ ಶೆಡ್ಡಿಗೇ ಸೆಟ್ಟು ಕೂರಿಸಿಬಿಟ್ಟಿದೀನಲ್ಲಮ್ಮಾ" ಎಂದರು.

ಮಧ್ಯಾಹ್ನವೆಲ್ಲ ಮಾವ ಸೊಸೆಗೆ ವಿವರಿಸಿದ್ದೇ ವಿವರಿಸಿದ್ದು. ಫ್ಯಾನು ಗಾಳಿಯನ್ನು ಹೊರಗೆ ತಳ್ಳಬೇಕಾದರೆ ಅಷ್ಟೇ ಗಾಳಿ ಒಳಗೆ ಬರಬೇಕು. ಬರಲು ಅವರು ಎಲ್ಲೂ ದಾರಿ ಬಿಟ್ಟಿರಲಿಲ್ಲ. ಪ್ಲೈವುಡ್ಡಿನ ರಾಶಿ ಸರಿಸಿದರೆ ಕೆಳಗೆ ಒಂದು ಮರೆತ ತೂತು: ಇಲ್ಲದ ಕಾರನ್ನು ತೊಳೆಯಲು ಕಟ್ಟಿಸಿದ್ದ ಮೋರಿ. ಅದು ಬಚ್ಚಲಿನ ಕೊಳವೆಗೇ ಸೇರುತ್ತಿತ್ತು. ಮೆಷಿನು ಪಾಪ ಅಲ್ಲಿಂದ ಉಸಿರೆಳೆಯುತ್ತಿತ್ತು. ಕಮೋಡಿನ ನೀರು ಇಳಿದು, ಮೋರಿಯ ವಾಸನೆ ಮನೆಗೆ ಬರುತ್ತಿತ್ತು. ಸೊಸೆ ಮೋರಿಗೆ ಮುಚ್ಚಳ ಹುಡುಕಿ ತಂದಳು. ಮಾವ ಪೈಪಿಗೆ ಎದುರಾಗಿದ್ದ ಕಿಟಕಿಯ ಫೋಮನ್ನೆಲ್ಲ ಕಿತ್ತು ಅದರ ಎರಡೂ ಕದ ಹಾರುಹೊಡೆದರು. ಮನೆಯ ಕಡೆಯ ರಬ್ಬರು ಹಾಗೇ ಇರಲಿ ಎಂದಳು ಅವಳು.

ಸಂಜೆ ಗುಜರಿಯವನು ತಕ್ಕಡಿ ಹಿಡಿದು ಬಂದ. ಒಂದೇ ಒಂದು ಸಲ ನೋಡಿಬಿಡಿ ಎಂದು ಸೊಸೆ ಅತ್ತೆಯನ್ನು ಬೇಡಿಕೊಂಡಳು. ಅತ್ತೆ ಬಚ್ಚಲಮನೆಯಲ್ಲಿ ಕಮೋಡಿನ ಎದುರು ಸ್ಟೂಲು ಹಾಕಿಕೊಂಡು ಕೂತರು, ಪಕ್ಕದಲ್ಲಿ ಪುಟ್ಟಿ. ಮಾವ ಸ್ವಿಚ್ಚು ಹಾಕಿದರು. ಕಿಟಕಿಯಿಂದ ಗಾಳಿ ಬೀಸಿ ಬಂದು, ಮರ ಉಜ್ಜಿದ ಧೂಳನ್ನೆಲ್ಲ ಒರೆಸಿಕೊಂಡು ಪೈಪಿನತ್ತ ಓಡಿತು. ಹೊರಗೆ ಕಳೆಗಿಡಗಳು ತಲೆ ಬಾಗಿದವು. ಸೊಸೆ ಒಳಬಾಗಿಲ ಈಚೆ ಕರಿ ಬಟ್ಟೆ ಹಾಸಿ ಕಾದಳು; ಬಟ್ಟೆ ಕರಿಯಾಗಿಯೇ ಉಳಿಯಿತು. ಕಮೋಡು ಮೌನ ವಹಿಸಿತು. ಪುಟ್ಟಿ ಬೇಜಾರಾಗಿ ಎದ್ದುಹೋದಳು.

ಗುಜರಿಯವನಿಗೆ ಹಳೆಯ ಧೂಳಿನ ಚೀಲ ಸಿಕ್ಕಿತು. ಸೀನುತ್ತ ಹೋದ.

ಇದನ್ನು ಹೇಗೆ ಸರಿಮಾಡಿದಿರಿ ಎಂದು ಅತ್ತೆ ಬಚ್ಚಲಿನಿಂದಲೇ ಕೂಗಿ ಕೇಳಿದರು. ಮಾವ ಕೇಳಿಸದವರಂತೆ ಸೊಸೆಯನ್ನು ಶೆಡ್ಡಿನ ಮೂಲೆಗೆ ಕರೆದರು. ಹುಬ್ಬಿನ ಧೂಳು ಒರೆಸಿಕೊಂಡು, ತೆರೆದ ಕಿಟಕಿಯ ಕಡೆ ಕಳ್ಳನಂತೆ ನೋಡಿ, ದನಿ ತಗ್ಗಿಸಿದರು.

"ಒಂದು ಉಪಕಾರ ಮಾಡಮ್ಮಾ. ಕಿಟಕಿ ತೆಗೆಯೋ ಐಡಿಯಾ ನಿಂದು ಅಂತ ಹೇಳ್ಬಿಡು. ಅವಳು ಹೇಳಿದ್ದೇ ಸರಿ ಅಂತ ಗೊತ್ತಾದ್ರೆ ಸಾಯೋವರೆಗೂ ನಗ್ತಾಳೆ, ಅದೂ ನಾನು ಮಾಡಿಕೊಟ್ಟ ಹಲ್ಲಲ್ಲಿ."