ಸೋತವರ ಸಾಲು

ಗಿರಿಜಕ್ಕ ಎದ್ದು ಹೋದ ಮೇಲೆ ನಮ್ಮ ಜಗಲಿಯ ಕೆಂಪು ಗಾರೆಯ ಮೆಟ್ಟಿಲಿನ ಮೇಲೆ ಒಂದು ಒದ್ದೆ ಉಂಗುರ ಉಳಿದಿರುತ್ತದೆ. ಅದು ಮೀನಿನ ಬುಟ್ಟಿ ಇಟ್ಟ ಗುರುತು. ನಾನು ಮೀನು ಕೊಳ್ಳುವವಳಲ್ಲ. ಕೋಟದ ಕಡೆ ದೇವಸ್ಥಾನದ ಚಾಕರಿಯ ಮನೆಯಲ್ಲಿ ಹುಟ್ಟಿದವಳು, ಹೈಸ್ಕೂಲಿಗೆ ಕನ್ನಡ ಟೀಚರಾಗಿ ಮರವಂತೆಗೆ ಬಂದು ಹದಿನೆಂಟು ವರ್ಷವಾಯಿತು. ಆದರೂ ದಿನವೂ ಬೆಳಿಗ್ಗೆ, ನಾನು ಶಾಲೆಗೆ ಹೊರಡುವ ಹೊತ್ತಿಗೆ, ಗಿರಿಜಕ್ಕ ಆ ಮೆಟ್ಟಿಲಿನ ಮೇಲೆ ಬುಟ್ಟಿ ಇಳಿಸಿ, ಒಂದು ಚೊಂಬು ನೀರು ಕುಡಿದು, ಐದು ನಿಮಿಷ ಮಾತಾಡಿಯೇ ಮುಂದಕ್ಕೆ ಹೋಗುವುದು. ಆ ಐದು ನಿಮಿಷಗಳಲ್ಲಿ ಮೀನಿನ ಸುದ್ದಿ ಬರುವುದು ಕಡಿಮೆ. ಬರುವುದೆಲ್ಲ ಫುಟ್ಬಾಲಿನ ಸುದ್ದಿ.

ನೀವು ನಗಬಹುದು. ಅರವತ್ತು ದಾಟಿದ, ಕಚ್ಚೆಯಂತೆ ಸೀರೆ ಎತ್ತಿ ಕಟ್ಟಿದ, ಎಲೆಯಡಿಕೆಯ ಬಾಯಿಯ ಹೆಂಗಸಿಗೆ ಫುಟ್ಬಾಲೆಲ್ಲಿಂದ ಅಂಟಿತೆಂದು ನಾನೂ ಮೊದಮೊದಲು ನಕ್ಕಿದ್ದೆ. ಅವರ ಮಗ ರಮೇಶ ನಮ್ಮೂರಿನ ತಂಡದ ನಾಯಕ. ಹುಡುಗರ ನೀಲಿ ಅಂಗಿಗಳೆಲ್ಲ ಇರುವುದು ಅವರ ಮನೆಯ ಅಟ್ಟದಲ್ಲಿ. ಪ್ರತಿ ವರ್ಷ ಸುಗ್ಗಿಯ ಕೊಯ್ಲು ಮುಗಿದ ಮೇಲೆ ಮರವಂತೆಗೂ ನಾವುಂದಕ್ಕೂ ನಡುವಿನ ಗದ್ದೆಯೊಂದರಲ್ಲಿ ಎರಡೂ ಊರಿನ ತಂಡಗಳ ನಡುವೆ ಒಂದು ಪಂದ್ಯ ನಡೆಯುತ್ತದೆ. ಕಪ್ಪು ಬಣ್ಣದ ಒಂದು ಮರದ ಫಲಕ, ಅದರ ಮೇಲೆ ಹಿತ್ತಾಳೆಯ ಚೆಂಡು, ಇಷ್ಟೇ ಬಹುಮಾನ. ಕಳೆದ ಪಂದ್ಯದ ಹೊತ್ತಿಗೆ ಆ ಫಲಕ ಆರು ವರ್ಷಗಳಿಂದ ನಾವುಂದದ ಯುವಕರ ಕೋಣೆಯಲ್ಲೇ ಇತ್ತು.

"ಟೀಚ್ರೆ, ಆಯ್ತವಾರ ಎಂತ ಕೆಲ್ಸ ಇತ್ತ್ ನಿಮ್ಗೆ? ಮ್ಯಾಚಿಗೆ ಬನ್ನಿ. ಈ ಸಲ ನಾವ್ ಗೆದ್ದೇ ಗೆಲ್ತ್," ಎಂದರು ಗಿರಿಜಕ್ಕ ಕಳೆದ ಸಲ.

"ಹೋದೊರ್ಷವೂ ಹಿಂಗೇ ಹೇಳಿದ್ರಿ, ಅಲ್ದಾ?"

"ಹೋದೊರ್ಷ ಹೇಳಿದ್ದ್ ಹೋದೊರ್ಷಕ್ಕಾಯ್ತ್. ಇದ್ ಈ ವರ್ಷದ್ದ್."

ಹೀಗೆ ನಾನು, ಆಫ್‌ಸೈಡ್ ಎಂದರೇನೆಂದು ಇಂದಿಗೂ ತಿಳಿಯದವಳು, ಆ ಭಾನುವಾರ ಮಧ್ಯಾಹ್ನ ಕೊಡೆ ಹಿಡಿದುಕೊಂಡು ಗದ್ದೆಯ ಅಂಚಿನ ಮೇಲೆ ಗಿರಿಜಕ್ಕನ ಪಕ್ಕದಲ್ಲಿ ಕುಳಿತೆ.

ಗೋಲಿನ ಮುಂದೆ ನಿಂತಿದ್ದವನು ಪ್ರವೀಣ. ನನ್ನ ಹಳೆಯ ವಿದ್ಯಾರ್ಥಿ. ಈಗ ಮೂವತ್ತು ದಾಟಿದವನು, ಗಂಗೊಳ್ಳಿಯಲ್ಲಿ ದೋಣಿಯ ಎಂಜಿನ್ ರಿಪೇರಿ ಮಾಡುವವನು. ತರಗತಿಯಲ್ಲಿ ಕಡೆಯ ಬೆಂಚಿನಲ್ಲಿ ಕುಳಿತು, ಕೇಳಿದ್ದಕ್ಕಷ್ಟೇ ಉತ್ತರ ಕೊಡುತ್ತಿದ್ದ. ಆ ದಿನ ಅವನು ಆಡಿದ ರೀತಿಯನ್ನು ನೋಡಿ, ಇಷ್ಟು ವರ್ಷ ಇವನ ಮಾತನ್ನೆಲ್ಲ ಮೈ ಉಳಿಸಿಟ್ಟುಕೊಂಡಿತ್ತೇನೋ ಎನಿಸಿತು. ಎಡಕ್ಕೆ ಹಾರಿದ, ಬಲಕ್ಕೆ ಉರುಳಿದ, ಒಮ್ಮೆ ಎದುರಾಳಿಯ ಕಾಲಿಗೇ ಎದೆಯೊಡ್ಡಿ ಚೆಂಡನ್ನು ಅಪ್ಪಿ ಬಿದ್ದ. ಮೊದಲರ್ಧದಲ್ಲಿ ರಮೇಶ ಒಂದು ಗೋಲು ಹೊಡೆದಾಗ ಗಿರಿಜಕ್ಕ ನನ್ನ ಕೊಡೆಯನ್ನು ಕಿತ್ತುಕೊಂಡು ಗಾಳಿಯಲ್ಲಿ ತಿರುಗಿಸಿದರು. ಕೊಡೆಯ ಎರಡು ಕಡ್ಡಿ ಅಲ್ಲೇ ಹೋಯಿತು.

ಕೊನೆಯ ಹತ್ತು ನಿಮಿಷದವರೆಗೂ ನಾವೇ ಮುಂದಿದ್ದೆವು. ಆಮೇಲೆ ನಾವುಂದದವರು ಸಮ ಮಾಡಿದರು. ಅದು ಯಾರೂ ತಡೆಯಲಾಗದ ಹೊಡೆತ. ನಮ್ಮ ಕಡೆಯವರೇ ಅಹಹಾ ಎಂದರು. ಎರಡನೆಯದು ಹಾಗಲ್ಲ. ಸುಧೀರನೆಂಬ ನಾವುಂದದ ಮುಂಚೂಣಿ ಆಟಗಾರ ದೂರದಿಂದ, ಸೋತ ಕಾಲಿನಿಂದ, ಹೊಡೆಯಬೇಕಲ್ಲ ಎಂದು ಹೊಡೆದ ಚೆಂಡು ನೆಲದ ಮೇಲೆ ಮೆಲ್ಲಗೆ ಉರುಳಿ ಬಂತು. ಪ್ರವೀಣ ಬಗ್ಗಿದ. ಚೆಂಡು ಅವನ ಕೈಗಳ ನಡುವೆ, ಆಮೇಲೆ ಕಾಲುಗಳ ನಡುವೆ ನುಸುಳಿ, ಗೆರೆ ದಾಟಿ, ಬಲೆಯನ್ನು ಮುಟ್ಟುವಷ್ಟೂ ಬಲವಿಲ್ಲದೆ ಅಲ್ಲೇ ನಿಂತಿತು.

ಗೋಲಿಗೂ ಗೋಳಿಗೂ ನಡುವೆ ನಾಲಿಗೆ ಒಂದಿಷ್ಟು ಮಡಚುವಷ್ಟೇ ಅಂತರವೆಂದು ಕನ್ನಡ ಟೀಚರಾಗಿ ನನಗೆ ಗೊತ್ತಿರಬೇಕಿತ್ತು. ಪಂದ್ಯ ಮುಗಿದ ಸೀಟಿ ಕೇಳಿಸಿತು. ಆರು ಇದ್ದದ್ದು ಏಳು ವರ್ಷವಾಯಿತು. ಪ್ರವೀಣ ಮೊಣಕಾಲೂರಿದವನು ಏಳಲಿಲ್ಲ. ನಾನು ನಮ್ಮೂರಿನವರ ಮುಖಗಳನ್ನು ನೋಡಿದೆ. ಈಗ ಬೈಗುಳ ಶುರುವಾಗುತ್ತದೆ ಎಂದು ಹೆದರಿ, ನಿಜ ಹೇಳಬೇಕೆಂದರೆ, ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡಿದ್ದೆ. ಬೈಗುಳ ಬರಲಿಲ್ಲ. ಗಿರಿಜಕ್ಕ ಅಂಚಿನಿಂದ ಇಳಿದು, ಗದ್ದೆಯಲ್ಲಿ ನಡೆದು ಹೋಗಿ, "ಏಳ್ ಮಗಾ, ನೆಲ ಸುಡ್ತ್," ಎಂದು ಅವನ ರಟ್ಟೆ ಹಿಡಿದು ಎಬ್ಬಿಸಿದರು.

ಮನೆಗೆ ಮರಳುವ ದಾರಿಯಲ್ಲಿ ನಾನು ಕೇಳಿದ ಮಾತುಗಳನ್ನು ನೀವು ನಂಬಬೇಕು. ಐಸ್ ಪ್ಲಾಂಟಿನಲ್ಲಿ ಕೆಲಸ ಮಾಡುವ ವಾಸಣ್ಣ ಬೆರಳು ಮಡಚುತ್ತ, "ಹೋದೊರ್ಷ ಮೂರ್ ಗೋಲಗೆ ಸೋತದ್ದ್. ಈ ವರ್ಷ ಒಂದೇ ಒಂದ್ರಗೆ. ಹಿಂಗೇ ಹೋರೆ ಬಪ್ಪೊರ್ಷ ಎಂತ ಆತ್, ನೀವೇ ಲೆಕ್ಕ ಹಾಕಿ ಟೀಚ್ರೆ," ಎಂದರು. ಇನ್ನೊಬ್ಬರಿಗೆ, ಮೊದಲ ಗೋಲು ನಾವೇ ಹೊಡೆದದ್ದು ಏಳು ವರ್ಷದಲ್ಲಿ ಇದೇ ಮೊದಲೆಂಬ ಸಂತೋಷ. ಹೆದ್ದಾರಿಯ ಒಂದು ಕಡೆ ಕಡಲು, ಇನ್ನೊಂದು ಕಡೆ ಹೊಳೆ, ನಡುವೆ ಸೋತು ಬರುತ್ತಿರುವ ಸುಮಾರು ಐವತ್ತು ಮಂದಿ; ಯಾರಾದರೂ ಹೊಸಬರು ಆ ಮಾತುಗಳನ್ನಷ್ಟೇ ಕೇಳಿಸಿಕೊಂಡಿದ್ದರೆ ಫಲಕ ಎಲ್ಲಿ, ತೋರಿಸಿ ಎನ್ನುತ್ತಿದ್ದರು. ಇದು ತಮ್ಮನ್ನು ತಾವು ವಂಚಿಸಿಕೊಳ್ಳುವ ಬಗೆಯೆಂದು ಆಗ ನನಗೆ ಅನಿಸಿದ್ದು ಹೌದು. ಓದಿದವರಿಗೆ ಬೇಗ ಬರುವ ಅನಿಸಿಕೆ ಅದು.

ಮಂಗಳವಾರ ಸಂಜೆ ಪ್ರವೀಣನ ಹೆಂಡತಿ ಸುಮತಿ ನಮ್ಮ ಮನೆಗೆ ಬಂದಳು. ಅವನು ಎರಡು ದಿನದಿಂದ ಕೆಲಸಕ್ಕೆ ಹೋಗಿಲ್ಲ, ಗೋಲಿನಲ್ಲಿ ನಿಲ್ಲುವಾಗ ಹಾಕುವ ಕೈಗವಸುಗಳನ್ನು ಗಿರಿಜಕ್ಕನ ಮನೆಯ ಬೇಲಿಗೆ ಸಿಕ್ಕಿಸಿ ಬಂದಿದ್ದಾನೆ, ಅಂಗಡಿಗೆ ಹೋಗುವುದಿದ್ದರೂ ಕಡಲ ಬದಿಯ ದಾರಿ ಬಿಟ್ಟು ಹೊಳೆಯ ಬದಿಯಲ್ಲಿ ಸುತ್ತಿ ಹೋಗುತ್ತಾನೆ. "ನಿಮ್ ಮಾತಾರೆ ಕೇಳ್ತ್ರ್ ಟೀಚರ್. ಒಂದ್ಸಲ ಬನ್ನಿ," ಎಂದಳು.

ಹೋದೆ. ಅಂಗಳದಲ್ಲಿ ಕುಕ್ಕರಗಾಲಿನಲ್ಲಿ ಕುಳಿತು ಸೀಮೆಎಣ್ಣೆಯ ಡಬ್ಬಿಯಲ್ಲಿ ಎಂಜಿನ್ನಿನ ಯಾವುದೋ ಭಾಗವನ್ನು ಅದ್ದಿ ಉಜ್ಜುತ್ತಿದ್ದ. ಹದಿನೆಂಟು ವರ್ಷಗಳಿಂದ ತರಗತಿಯಲ್ಲಿ ಹೇಳಿದ ಮಾತುಗಳನ್ನೆಲ್ಲ ಹೇಳಿದೆ: ಆಟವೆಂದ ಮೇಲೆ ಹೀಗೂ ಆಗುತ್ತದೆ, ಗದ್ದೆಯಲ್ಲಿ ಕೊಯ್ದುಳಿದ ಕೂಳೆಗೆ ತಗುಲಿ ಚೆಂಡು ತಿರುಗಿರಬೇಕು, ಅದರಲ್ಲಿ ನಿನ್ನ ತಪ್ಪೇನು. ಅವನು ಕೇಳಿಸಿಕೊಂಡು ಕೈ ಒರೆಸಿಕೊಂಡ.

"ಕೂಳೆ ಅಲ್ಲ ಟೀಚರ್. ನನ್ ಕೈ. ಬಾಲ್ ಹಿಡುಕ್ ಮುಂಚೆ ಯಾರಿಗ್ ಎಸೆಯುದ್ ಅಂದೇಳಿ ತಲೆ ಎತ್ತಿ ಕಂಡೆ." ಆ ಭಾಗವನ್ನು ಮತ್ತೆ ಸೀಮೆಎಣ್ಣೆಗೆ ಅದ್ದುತ್ತ ಹೇಳಿದ: "ಊರವ್ರ್ ನಾಕ್ ಬೈದಿದ್ರೆ ಆಯ್ತಿತ್. ಒಬ್ರೂ ಬೈಲಿಲ್ಲೆ. ಅದೇ ತಡ್ಕಂಬುಕ್ ಆತಿಲ್ಲೆ."

ಕ್ಷಮೆಯೂ ಒಂದು ಭಾರವೆಂಬುದನ್ನು ಯಾವ ಪಾಠದಲ್ಲೂ ನಾನು ಹೇಳಿಕೊಟ್ಟಿರಲಿಲ್ಲ. ನನಗೇ ಯಾರೂ ಹೇಳಿಕೊಟ್ಟಿರಲಿಲ್ಲ. ಬೈದವರ ಎದುರು ತಲೆಯೆತ್ತಿ ನಿಲ್ಲಬಹುದು, ಬೈಯದೆ ಬಿಟ್ಟವರ ಎದುರು ಕಣ್ಣೆತ್ತುವುದು ಹೇಗೆ? ಅವನು ಇನ್ನು ಚೆಂಡು ಮುಟ್ಟುವುದಿಲ್ಲವೆಂದು ನನಗೆ ಖಾತ್ರಿಯಾಯಿತು.

ಮರುದಿನ ಬೆಳಿಗ್ಗೆ ಇದನ್ನೆಲ್ಲ ಗಿರಿಜಕ್ಕನಿಗೆ ಹೇಳಿದೆ. ಅವರು ಚೊಂಬನ್ನು ಕೈಯಲ್ಲೇ ಹಿಡಿದು ಕೇಳಿದರು.

"ಅವ್ನಿಗೆ ಬೇಜಾರಲ್ಲ ಟೀಚ್ರೆ, ಹೆದ್ರಿಕಿ. ಕೈಗೆ ಹಿಡುದೇ ಮರ್ತ್ ಹೋಯ್ತ್ ಅಂದೇಳಿ ಹೆದ್ರಿಕಿ. ಅದ್ ಮಾತಲ್ ಹೋಪುದಲ್ಲ." ನೀರು ಕುಡಿದು ಬಾಯಿ ಒರೆಸಿಕೊಂಡರು. "ಆಯ್ತವಾರ ಬೆಳಿಗ್ಗೆ ಕಡ್ಲ್ ಬದಿಗೆ ಬನ್ನಿ. ಚಪ್ಲಿ ಬ್ಯಾಡ."

ಭಾನುವಾರ ಬೆಳಿಗ್ಗೆ ಏಳು ಗಂಟೆಗೆ ನಾನು ಹೋದಾಗ ಕಡಲು ಇಳಿದಿತ್ತು. ಅಲೆ ಹಿಂದೆ ಸರಿದ ಜಾಗದಲ್ಲಿ ಮರಳು ಗಟ್ಟಿಯಾಗಿ, ಹೊಳೆಯುತ್ತ ಹರಡಿತ್ತು. ಅದರಲ್ಲಿ ಎರಡು ಬಿದಿರು ಗಳ ನೆಟ್ಟಿದ್ದರು. ಗಳಗಳಿಂದ ಹತ್ತಿಪ್ಪತ್ತು ಹೆಜ್ಜೆ ದೂರದಲ್ಲಿ ಒಂದು ಚೆಂಡು. ಚೆಂಡಿನ ಹಿಂದೆ ಒಂದು ಸಾಲು. ಪಡಿತರದ ಅಂಗಡಿಯ ಮುಂದೆ ನಿಲ್ಲುವ ಹಾಗೆ ಊರು ಅಲ್ಲಿ ಸಾಲು ನಿಂತಿತ್ತು: ಪಂಚೆ ಎತ್ತಿ ಕಟ್ಟಿದ ವಾಸಣ್ಣ, ಬಲೆ ನೇಯುವ ಮುದುಕರು, ಮೀನು ಒಣಗಿಸುವ ಹೆಂಗಸರು, ಕಂಕುಳಲ್ಲಿ ಮಗು ಇಟ್ಟುಕೊಂಡ ಸುಮತಿ. ಆಟಗಾರರು ಒಬ್ಬರೂ ಸಾಲಿನಲ್ಲಿರಲಿಲ್ಲ. ಅಲ್ಲಿದ್ದವರೆಲ್ಲ ಗದ್ದೆಯ ಅಂಚಿನ ಮೇಲೆ ಕುಳಿತು ನೋಡಿದವರು, ನೋಡಿ ಸೋತವರು.

ದೋಣಿಯ ಎಂಜಿನ್ ಕೆಟ್ಟಿದೆಯೆಂದು ಸುಳ್ಳು ಹೇಳಿ ರಮೇಶ ಪ್ರವೀಣನನ್ನು ಕರೆತಂದ. ಸಾಲನ್ನು ಕಂಡವನೇ ಅವನು ತಿರುಗಿ ಹೊರಟ.

"ಹ್ವಾಯ್, ಎಲ್ಲಿಗ್ ಹೋತೆ?" ಗಿರಿಜಕ್ಕ ದಾರಿಗೆ ಅಡ್ಡ ನಿಂತು ಕೈಗವಸುಗಳನ್ನು ಅವನ ಎದೆಗೆ ಒತ್ತಿದರು. "ನೀ ನಮ್ಗೆ ಎಂತದೂ ಹೇಳುದ್ ಬ್ಯಾಡ. ನಾವ್ ಹೊಡಿತ್, ನೀ ಹಿಡಿ. ಅಷ್ಟೇ."

ಅವನು ಹಾಕಿಕೊಂಡ. ಬೇರೆ ದಾರಿಯಿರಲಿಲ್ಲ.

ಮೊದಲು ವಾಸಣ್ಣ ಹೊಡೆದರು. ಚೆಂಡು ಉರುಳುತ್ತ ಹೋಯಿತು. ಪ್ರವೀಣ ಬಗ್ಗಿ ಹಿಡಿದ. ಸಾಲಿನಿಂದ ಒಂದು ಕೂಗು ಎದ್ದಿತು, ಗದ್ದೆಯಲ್ಲಿ ರಮೇಶನ ಗೋಲಿಗೆ ಎದ್ದಷ್ಟೇ ದೊಡ್ಡದು. ಗಿರಿಜಕ್ಕ ಸೀರೆಯನ್ನು ಇನ್ನಷ್ಟು ಎತ್ತಿ ಕಟ್ಟಿ, ಹತ್ತು ಹೆಜ್ಜೆ ಓಡಿ ಬಂದು ಹೊಡೆದರು. ಅದನ್ನೂ ಹಿಡಿದ, ಅದಕ್ಕೂ ಕೂಗು. ಒಬ್ಬೊಬ್ಬರೂ ಹೊಡೆದು ಸಾಲಿನ ತುದಿಗೆ ಹೋಗಿ ಮತ್ತೆ ನಿಂತರು. ನನ್ನ ಸರದಿ ಬಂದಾಗ ಮೊದಲ ಸಲ ಗಾಳಿಗೆ ಒದ್ದೆ. ಎರಡನೆಯ ಸಲ ಹೆಬ್ಬೆರಳಿಗೆ ಚೆಂಡು ತಗುಲಿ, ನೋವು ಹಿಮ್ಮಡಿಯವರೆಗೆ ಹೋಗಿ, ಚೆಂಡು ಮಾತ್ರ ಹೇಗೋ ಅವನ ಕೈ ಸೇರಿತು. ಐವತ್ತೆರಡನೆಯ ವಯಸ್ಸಿನಲ್ಲಿ, ನನ್ನ ಜೀವಮಾನದ ಮೊದಲ ಒದೆತವನ್ನು, ಊರಿನವರ ಚಪ್ಪಾಳೆಯ ನಡುವೆ ಒದ್ದು ನಾನು ಕುಂಟುತ್ತ ಸಾಲಿನ ತುದಿಗೆ ಹೋದೆ. ಪ್ರವೀಣ ಎಲ್ಲವನ್ನೂ ಹಿಡಿದ, ಆದರೆ ನಗಲಿಲ್ಲ. ಇವೆಲ್ಲ ಹಿಡಿಯಬಲ್ಲ ಚೆಂಡುಗಳೆಂದು ಅವನಿಗೆ ಗೊತ್ತಿತ್ತು. ನಮಗೂ ಗೊತ್ತಿತ್ತು.

ಆಗ ಹೆದ್ದಾರಿಯಿಂದ ಒಂದು ಬೈಕು ಇಳಿದು ಬಂತು. ನಾವುಂದದ ಸುಧೀರ. ಸಾಲಿನಲ್ಲಿದ್ದವರೆಲ್ಲ ಅತ್ತ ತಿರುಗಿದರು. ಅವನು ಬೈಕು ನಿಲ್ಲಿಸಿ, ಚಪ್ಪಲಿ ಬಿಟ್ಟು, ಯಾರ ಮುಖವನ್ನೂ ನೋಡದೆ ಬಂದು ನನ್ನ ಹಿಂದೆ ನಿಂತ. ಅವನನ್ನು ಯಾರು ಕರೆದರೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಕೇಳಿದರೆ ಗಿರಿಜಕ್ಕ ಎಲೆಯಡಿಕೆ ಉಗುಳಲು ಆಚೆ ತಿರುಗುತ್ತಾರೆ.

ಅವನ ಸರದಿ ಬಂತು. ಅವತ್ತಿನ ಹಾಗೆಯೇ ನೆಲದ ಮೇಲೆ, ಆದರೆ ಈ ಸಲ ಬಲವಾಗಿ ಹೊಡೆದ. ಚೆಂಡು ಪ್ರವೀಣನ ಕೈಗಳ ನಡುವೆ, ಕಾಲುಗಳ ನಡುವೆ, ಅದೇ ದಾರಿಯಲ್ಲಿ ಹೋಗಿ ಹಿಂದಿನ ಒದ್ದೆ ಮರಳಿನಲ್ಲಿ ನಿಂತಿತು.

ಆಮೇಲೆ ಒಂದು ನಗು ಕೇಳಿಸಿತು. ಪ್ರವೀಣನದೇ. ತನ್ನ ಕಾಲುಗಳ ನಡುವಿನ ಖಾಲಿ ಜಾಗವನ್ನು ಬಗ್ಗಿ ನೋಡಿ, ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ಎಂಟು ದಿನ ಅವನು ಹೆದರಿಕೊಂಡಿದ್ದ ಸಂಗತಿ ಎಲ್ಲರ ಕಣ್ಣೆದುರಿಗೇ ಇನ್ನೊಮ್ಮೆ ನಡೆದಿತ್ತು. ಕಡಲು ಇದ್ದಲ್ಲೇ ಇತ್ತು, ಸಾಲೂ ಕದಲಿರಲಿಲ್ಲ.

"ಇನ್ನೊಂದ್ ಹೊಡಿ," ಎಂದ.

ಎರಡನೆಯದೂ ಹೋಯಿತು. ಮೂರನೆಯದು ಬೆರಳಿಗೆ ತಗುಲಿ ಹೋಯಿತು. ನಾಲ್ಕನೆಯದಕ್ಕೆ ಅವನು ಮೊಣಕಾಲೂರಿ, ತಲೆಯೆತ್ತದೆ, ಚೆಂಡನ್ನು ಎದೆಗೆ ಒತ್ತಿ ಹಿಡಿದು, ಮರಳಿನ ಮೇಲೆ ಹಾಗೆಯೇ ಮುದುಡಿ ಮಲಗಿದ. ಸುಮತಿ ಮಗುವನ್ನು ನನ್ನ ಕೈಗೆ ಕೊಟ್ಟು ಮುಖ ಮುಚ್ಚಿಕೊಂಡಳು. ಸಾಲಿಗೆ ಸಾಲೇ ಕೂಗಿತು. ಆ ಕೂಗಿನಲ್ಲಿ ನಾನೂ ಇದ್ದೆ, ಇದ್ದವಳಿಗೆ ಪದ ಹುಡುಕುವ ವ್ಯವಧಾನವಿರಲಿಲ್ಲ.

ಸ್ವಲ್ಪ ಹೊತ್ತಾದ ಮೇಲೆ ಮಗುವನ್ನು ಸುಮತಿಗೆ ಮರಳಿಸಿ, ಸುಧೀರನನ್ನು ಬದಿಗೆ ಕರೆದು ಕೇಳಿದೆ, "ಕಡೇದ್ ಮೆತ್ತಗ್ ಹೊಡ್ದ್ಯಾ?"

"ಇಲ್ಲೆ ಟೀಚರ್." ಅವನಿನ್ನೂ ಏದುತ್ತಿದ್ದ. "ಪ್ರವೀಣಣ್ಣ ಗೋಲಗಿಲ್ದಿರೆ ನಾವ್ ಯಾರೆದ್ರ್ ಗೆದ್ದದ್ದ್ ಅಂದೇಳಿ ಆತ್?"

ಗೆಳೆಯರೇ, ಏಳು ವರ್ಷ ಸೋತ ಊರೊಂದು ಎಂಟನೆಯ ವರ್ಷಕ್ಕೆ ಲೆಕ್ಕ ಹಾಕುವುದನ್ನು ನಾನು ಭ್ರಮೆ ಎಂದುಕೊಂಡಿದ್ದೆ. ಆ ಬೆಳಿಗ್ಗೆ ಸಾಲಿನ ತುದಿಯಲ್ಲಿ ಹೆಬ್ಬೆರಳು ಉಜ್ಜಿಕೊಳ್ಳುತ್ತ ನಿಂತಿದ್ದಾಗ ಗೊತ್ತಾಯಿತು, ಅವರ ಭರವಸೆ ಗೆಲ್ಲುತ್ತೇವೆಂಬ ನಂಬಿಕೆಗಿಂತ ದೊಡ್ಡದು. ಸೋತವನನ್ನು ಒಬ್ಬನೇ ಸೋಲಲು ಬಿಡುವುದಿಲ್ಲವೆಂಬ ಹಟ ಅದು. ಅದಕ್ಕೆ ನಾನು ಸೋತೆ. ಕನ್ನಡದಲ್ಲಿ ಸೋಲುವುದೆಂಬ ಈ ಒಂದು ಪದಕ್ಕೆ ಎರಡು ಅರ್ಥ ಕೊಟ್ಟ ಪೂರ್ವಿಕರು ಯಾವ ಗದ್ದೆಯ ಅಂಚಿನ ಮೇಲೆ ಕುಳಿತಿದ್ದರೋ. ಮುಂದಿನ ಪಂದ್ಯಕ್ಕೆ ಇನ್ನೂ ದಿನಗಳಿವೆ. ಗೋಲಿನ ಮುಂದೆ ನಿಲ್ಲುವವನು ಪ್ರವೀಣನೇ.

ಅವತ್ತು ಎಂಟೂವರೆಯ ಹೊತ್ತಿಗೆ ನೀರು ಏರತೊಡಗಿ ಒಂದು ಅಲೆ ಬಿದಿರು ಗಳಗಳ ಬುಡಕ್ಕೆ ಬಂತು. ಇನ್ನು ಮನೆಗೆ ಹೋಗುವುದೆಂದು ನಾನು ಎತ್ತಿ ಸಿಕ್ಕಿಸಿದ್ದ ಸೀರೆಯ ನೆರಿಗೆ ಇಳಿಸಿದೆ. ರಮೇಶ ಒಂದು ಗಳ ಕಿತ್ತ, ಸುಧೀರ ಇನ್ನೊಂದನ್ನು ಕಿತ್ತ. ಇಬ್ಬರೂ ಹತ್ತು ಹೆಜ್ಜೆ ಮೇಲಕ್ಕೆ ಬಂದು ಒಣ ಮರಳಿನಲ್ಲಿ ಅವನ್ನು ನೆಟ್ಟರು. ಪ್ರವೀಣ ನಡುವೆ ಹೋಗಿ ನಿಂತು ಕೈ ತಟ್ಟಿದ. ನಾನು ನೆರಿಗೆಯನ್ನು ಮತ್ತೆ ಎತ್ತಿ ಸಿಕ್ಕಿಸಿಕೊಂಡೆ.