ಲ್ಯಾಬ್ ಮಾವ ತೊಳೆದಿಡುತ್ತಿದ್ದ ಬಿಲ್ಲೆಗಳು

ಕಾಲೇಜಿನ ಜೀವಶಾಸ್ತ್ರ ಲ್ಯಾಬಿನ ಸಹಾಯಕರನ್ನು ಮಕ್ಕಳೆಲ್ಲ ಕರೆಯುತ್ತಿದ್ದದ್ದು ‘ಲ್ಯಾಬ್ ಮಾವ’ ಎಂದು. ಬೀಟ್‌ರೂಟ್ ಪ್ರಯೋಗದ ದಿನ ಮಾವನ ಸಡಗರ ನೋಡಬೇಕಿತ್ತು, ಮಗಳ ಮದುವೆಯೇನೋ ಅನ್ನಬೇಕು. ಒಂದು ಗಂಟೆ ಮೊದಲೇ ಬಂದು, ಗೆಡ್ಡೆಯನ್ನು ಒಂದೇ ಅಳತೆಯ ಬಿಲ್ಲೆಗಳಾಗಿ ಕತ್ತರಿಸಿ, ನೀರು ತಿಳಿಯಾಗುವವರೆಗೆ ತೊಳೆದು ತಟ್ಟೆಗಳಲ್ಲಿ ಇಡುತ್ತಿದ್ದರು. ಮಕ್ಕಳು ಬಂದು ಅವನ್ನು ತಣ್ಣೀರು, ಬಿಸಿನೀರಿನ ಟ್ಯೂಬುಗಳಿಗೆ ಹಾಕಿದರಾಯಿತು. ಬಿಸಿ ಏರಿದಂತೆ ಜೀವಕೋಶದ ಪೊರೆ ಸಡಿಲವಾಗಿ ಕೆಂಪು ಬಣ್ಣ ಹೊರಗೆ ಸೋರುತ್ತದೆ. ತಣ್ಣೀರು ಮಾತ್ರ ತಿಳಿಯಾಗಿಯೇ ಇರುತ್ತದೆ. ಹದಿನೇಳು ವರ್ಷ ಇದು ಒಮ್ಮೆಯೂ ತಪ್ಪಿರಲಿಲ್ಲ.

ಈ ಸಲದ ಪರೀಕ್ಷೆಗೆ ಹೊಸ ನಿಯಮ ಬಂತು. ಕತ್ತರಿಸುವುದೂ ಮಕ್ಕಳದ್ದೇ ಕೆಲಸ, ಸಹಾಯಕರು ತುಟಿ ಬಿಚ್ಚುವಂತಿಲ್ಲ. ಮಕ್ಕಳು ಕತ್ತರಿಸಿದರು, ಸೀದಾ ಟ್ಯೂಬಿಗೆ ಹಾಕಿದರು. ಹತ್ತು ನಿಮಿಷದಲ್ಲಿ ಎಲ್ಲರ ತಣ್ಣೀರೂ ಕೆಂಪಾಗಿ ಕೂತಿತು. ಮೊದಲ ಬೆಂಚಿನ ಹುಡುಗಿಗೆ ಅಳುವೇ ಬಂತು.

ಮೂಲೆಯಲ್ಲಿದ್ದ ಮಾವ ಆ ಕೆಂಪು ಟ್ಯೂಬುಗಳನ್ನು ಒಂದೊಂದಾಗಿ ನೋಡಿದರು. ತೊಳೆಯಬೇಕೆಂದು ಈ ಮಕ್ಕಳಿಗೆ ಗೊತ್ತಾಗುವುದಾದರೂ ಹೇಗೆ? ತೊಳೆಯುವುದನ್ನು ಅವರು ಕಂಡೇ ಇಲ್ಲ! ಮುದ್ದು ಮಾಡಲು ಹೋಗಿ ಮಕ್ಕಳ ಅಂಕಕ್ಕೇ ಕಲ್ಲು ಹಾಕಿದೆನಲ್ಲ ಎಂದು ಸಂಕಟವಾಯಿತು. ನಿಯಮ ಹಾಳಾಗಲಿ ಎಂದು ಪರೀಕ್ಷಕಿಯ ಬಳಿ ಹೋಗಿ ತಗ್ಗಿದ ದನಿಯಲ್ಲಿ ಹೇಳಿದರು:

“ಮೇಡಂ, ತಪ್ಪು ಮಕ್ಕಳದ್ದಲ್ಲ, ನಂದು. ಚಾಕು ತಾಗಿ ಒಡೆದ ಕೋಶಗಳ ಬಣ್ಣ ಮೇಲೇ ಅಂಟಿರುತ್ತೆ. ಅದನ್ನ ಇಷ್ಟು ವರ್ಷ ನಾನೇ ತೊಳೆದಿಡ್ತಿದ್ದೆ.”

“ನೀವ್ಯಾಕೆ?”

“ಪಾಪ, ಮಕ್ಕಳ ಕೈಯೆಲ್ಲ ಕೆಂಪಾಗುತ್ತೆ ಅಂತ.”

ಪರೀಕ್ಷಕಿ ನಗು ತಡೆದುಕೊಂಡರು. “ಇನ್ನೊಂದು ಅವಕಾಶ ಕೊಡ್ತೀನಿ. ಆದ್ರೆ ನೀವು ಹೇಳಿಕೊಡೋ ಹಾಗಿಲ್ಲ.” ಮಕ್ಕಳ ಕಡೆ ತಿರುಗಿ, “ತಣ್ಣೀರು ಯಾಕೆ ಕೆಂಪಾಯ್ತು ಅಂತ ಯೋಚ್ನೆ ಮಾಡಿ, ಮತ್ತೆ ಮಾಡಿ,” ಎಂದರು.

ಆ ಹುಡುಗಿ ಕಣ್ಣೊರೆಸಿಕೊಂಡು ಹೊಸ ಬಿಲ್ಲೆಗಳನ್ನು ಕತ್ತರಿಸಿದಳು. ಮಣೆಯ ಮೇಲೆ ಹರಿದ ಕೆಂಪನ್ನೇ ದಿಟ್ಟಿಸಿದಳು. “ಇದು ಬಿಸಿಯಿಂದ ಬಂದಿದ್ದಲ್ಲ,” ಎಂದು ಗೊಣಗಿ ಎದ್ದು ನಲ್ಲಿ ತಿರುಗಿಸಿದಳು. ಪರೀಕ್ಷೆಯಲ್ಲಿ ನಕಲು ಮಾಡುವುದು ತಪ್ಪು, ನಿಜ. ಆದರೆ ನಲ್ಲಿಯ ಸದ್ದಿಗೆ ಕಿವಿ ಮುಚ್ಚಿಕೊಳ್ಳಲಾಗುತ್ತದೆಯೇ? ಒಬ್ಬೊಬ್ಬರೇ ಏಳತೊಡಗಿದರು. ಎರಡು ಸಲ ತೊಳೆದರೂ ಹುಡುಗಿಯ ಬಿಲ್ಲೆಗಳ ನೀರು ಇನ್ನೂ ನಸುಗೆಂಪಾಗಿತ್ತು. ‘ಇನ್ನೊಂದು ಸಲ, ಮಗಳೇ’ ಎಂಬ ಮಾತು ಮಾವನ ಗಂಟಲಿನವರೆಗೂ ಬಂತು. ನುಂಗಿಕೊಂಡರು. ಅವಳು ನೀರು ಚೆಲ್ಲಿ ಮತ್ತೆ ತೊಳೆದಳು.

ಬಿಲ್ಲೆಗಳನ್ನು ಟ್ಯೂಬಿಗೆ ಹಾಕಿ ಹತ್ತು ನಿಮಿಷ ಕಳೆಯಿತು. ಅವಳ ತಣ್ಣೀರು ತಿಳಿಯಾಗಿಯೇ ಇತ್ತು. ಇಷ್ಟು ವರ್ಷ ತಾವೇ ಮಾಡಿಕೊಟ್ಟ ಯಾವ ತಿಳಿನೀರೂ ಮಾವನಿಗೆ ಇಷ್ಟು ಸಂತೋಷ ಕೊಟ್ಟಿರಲಿಲ್ಲ.